ಬೇಕರಿ ಪಿಜ್ಜಾ ಮನೆಯಲ್ಲಿ: ಆ ಹಳೇ ರುಚಿ ಬರಬೇಕಾದ್ರೆ ಏನು ಮಾಡಬೇಕು?

"ಸ್ಕೂಲ್ ಹತ್ರ ಬೇಕರಿಯಲ್ಲಿ ಸಿಗ್ತಿತ್ತಲ್ಲ, ಆ ಪಿಜ್ಜಾ ಮನೆಯಲ್ಲಿ ಮಾಡೋದು ಹೇಗೆ?" ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆ ಅನ್ನೋ ಲೆಕ್ಕ ಬಿಟ್ಟಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ಜಯನಗರ, ಮಲ್ಲೇಶ್ವರ, ರಾಜಾಜಿನಗರದ ಕಡೆ ಬೆಳೆದವರು. ಎಲ್ಲರ ದೂರೂ ಒಂದೇ. "ಮೊಝರೆಲ್ಲಾ ತಂದೆ, ಒರೆಗಾನೊ ತಂದೆ, ಯೂಟ್ಯೂಬ್ ನೋಡಿ ಮಾಡಿದೆ. ಚೆನ್ನಾಗೇ ಬಂತು. ಆದ್ರೆ ಅದಲ್ಲ."

ಅದಾಗೋದೂ ಇಲ್ಲ. ನೀವು ಮಾಡಿದ್ದು ಇಟಲಿ ಕಡೆಯದು. ನಿಮಗೆ ಬೇಕಾಗಿರೋದು ಖಾರಾ ಬನ್ನಿನ ದಾಯಾದಿ.

ಸ್ವಲ್ಪ ನೆನಪು ಮಾಡಿಕೊಳ್ಳಿ. ಅಂಗೈಗಿಂತ ಕೊಂಚ ದೊಡ್ಡದು, ಒಂದು ಬೆರಳು ದಪ್ಪ. ಕೆಳಗಿನ ಬ್ರೆಡ್ ಮೆತ್ತಗೆ, ಸ್ವಲ್ಪ ಸಿಹಿ. ಮೇಲೆ ಈರುಳ್ಳಿ, ದಪ್ಪ ಮೆಣಸಿನಕಾಯಿ, ಮಧ್ಯೆ ಒಂದು ಬಿಲ್ಲೆ ಟೊಮೆಟೊ. ಅದರ ಮೇಲೆ ಚೀಸ್ ತುರಿ. ಆ ತುರಿ ಬೆಂದ ಮೇಲೂ ಶಾವಿಗೆ ಥರ ಎಳೆ ಎಳೆಯಾಗಿಯೇ ಕಾಣುತ್ತಿತ್ತು, ತುದಿ ಮಾತ್ರ ಕಂದು. ಅಂಗಡಿಯವರು ಬ್ರೆಡ್ ಚಾಕುವಿನಲ್ಲಿ ನಾಲ್ಕು ತುಂಡು ಮಾಡಿ, ಪೇಪರ್ ಪ್ಲೇಟಿಗೆ ಹಾಕಿ, "ಸಾಸ್ ಹಾಕ್ಲಾ?" ಅಂತ ಕೇಳುವಷ್ಟರಲ್ಲಿ ಹಾಕಿಯೇ ಬಿಟ್ಟಿರುತ್ತಿದ್ದರು.

ಬೆಂಗಳೂರಿನ ಬೇಕರಿಗಳನ್ನು ಬೆಳೆಸಿದವರಲ್ಲಿ ಹಾಸನದ ಕಡೆಯ ಅಯ್ಯಂಗಾರ್ ಮನೆತನಗಳೇ ಮುಖ್ಯ. ಚಿಕ್ಕಪೇಟೆಯ ಬಿ.ಬಿ. ಬೇಕರಿ ಶುರುವಾದದ್ದು 1898ರಲ್ಲಿ. ಅವರ ಕೈಯಲ್ಲಿದ್ದದ್ದು ಬ್ರೆಡ್, ಬನ್ನು, ರಸ್ಕಿನ ವಿದ್ಯೆ, ಅದೂ ಮೊಟ್ಟೆ ಇಲ್ಲದೆ. ಪಿಜ್ಜಾ ಅನ್ನೋ ಹೆಸರು ಬಂದಾಗ ಅದೇ ಬನ್ ಹಿಟ್ಟನ್ನು ತಟ್ಟಿ, ಟೋಸ್ಟಿಗೆ ಹಾಕುವ ಈರುಳ್ಳಿ-ತರಕಾರಿಯನ್ನು ಮೇಲೆ ಹಾಕಿದರೆ ಆಯ್ತು. 1996ರಲ್ಲಿ ಪಿಜ್ಜಾ ಹಟ್ ಭಾರತದ ತನ್ನ ಮೊದಲ ಅಂಗಡಿಯನ್ನು ತೆರೆದದ್ದು ಬೆಂಗಳೂರಿನಲ್ಲೇ. ಆದರೆ ನಮ್ಮಂಥ ಎಷ್ಟೋ ಮಕ್ಕಳಿಗೆ ಪಿಜ್ಜಾ ಅಂದ್ರೆ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಇದ್ದದ್ದು, ಅಷ್ಟೇ.

ಸರಿ, ಕೆಲಸಕ್ಕೆ ಬರೋಣ.

ಏನೇನು ಬೇಕು

ಇಲ್ಲಿರೋ ಅಳತೆಗೆ 6 ಇಂಚಿನ ನಾಲ್ಕು ಪಿಜ್ಜಾ ಆಗುತ್ತವೆ.

ಬೇಸಿಗೆ: ಮೈದಾ 300 ಗ್ರಾಂ (ಸುಮಾರು ಎರಡೂಕಾಲು ಕಪ್), ಉಗುರುಬೆಚ್ಚಗಿನ ಹಾಲು 100 ಎಂ.ಎಲ್., ನೀರು 90 ಎಂ.ಎಲ್., ಸಕ್ಕರೆ 5 ಟೀ ಚಮಚ, ಉಪ್ಪು ಒಂದು ಚಮಚಕ್ಕೆ ಸ್ವಲ್ಪ ಕಮ್ಮಿ, ಇನ್‌ಸ್ಟಂಟ್ ಈಸ್ಟ್ ಒಂದೂವರೆ ಟೀ ಚಮಚ, ಬೆಣ್ಣೆ ಅಥವಾ ಎಣ್ಣೆ 25 ಗ್ರಾಂ.

ಸಾಸಿಗೆ: ಹುಳಿ ಇರೋ ನಾಟಿ ಟೊಮೆಟೊ 350 ಗ್ರಾಂ, ಬೆಳ್ಳುಳ್ಳಿ 5-6 ಎಸಳು, ಬ್ಯಾಡಗಿ ಮೆಣಸಿನ ಪುಡಿ ಒಂದು ಚಮಚ, ಸಕ್ಕರೆ ಎರಡು ಚಮಚ, ಟೊಮೆಟೊ ಕೆಚಪ್ ಎರಡು ದೊಡ್ಡ ಚಮಚ, ಉಪ್ಪು, ಎಣ್ಣೆ.

ಮೇಲಕ್ಕೆ: ಈರುಳ್ಳಿ 2, ದಪ್ಪ ಮೆಣಸಿನಕಾಯಿ 1, ಕ್ಯಾರೆಟ್ 1, ಗಟ್ಟಿ ಟೊಮೆಟೊ 1, ಪ್ರೊಸೆಸ್ಡ್ ಚೀಸ್ ಕ್ಯೂಬ್ 6.

ಸಕ್ಕರೆ ಜಾಸ್ತಿ ಆಯ್ತಲ್ಲ ಅನ್ನಿಸಬಹುದು. ಕಮ್ಮಿ ಮಾಡಬೇಡಿ. ಆ ಸಿಹಿಯೇ ನಿಮಗೆ ನೆನಪಿರೋದು. ಮೈದಾ ಬದಲು ಗೋಧಿ ಹಿಟ್ಟು ಹಾಕ್ಬಹುದಾ ಅಂತ ಪ್ರತಿ ಸಲ ಯಾರಾದರೂ ಕೇಳೇ ಕೇಳ್ತಾರೆ. ಹಾಕಬಹುದು, ಒಳ್ಳೇದೂ ಹೌದು. ಆದರೆ ಬೇಕರಿ ಪಿಜ್ಜಾ ಆಗಲ್ಲ.

1. ಹಿಟ್ಟು ಕಲಸುವುದು

ಈಸ್ಟ್ ಅಂದರೆ ಹಿಟ್ಟು ಉಬ್ಬಿಸುವ ಸೂಕ್ಷ್ಮಜೀವಿ. ಜೀವ ಇರೋದ್ರಿಂದ ಬಿಸಿ ತಾಗಿದರೆ ಸತ್ತೇ ಹೋಗುತ್ತೆ. ಹಾಲು ಎಷ್ಟು ಬೆಚ್ಚಗಿರಬೇಕು? ಬೆರಳು ಅದ್ದಿದರೆ ಹಿತವಾಗಿರಬೇಕು, 38-40 ಡಿಗ್ರಿ. ಮಗುವಿಗೆ ಕೊಡೋ ಹಾಲಿನ ಬಿಸಿ ಅಂದುಕೊಳ್ಳಿ. ಮೊದಲ ಸಲ ಕೆಡಿಸಿಕೊಳ್ಳುವವರಲ್ಲಿ ಅರ್ಧ ಜನ ಇಲ್ಲೇ ಕೆಡಿಸಿಕೊಳ್ಳೋದು. ಕುದಿದ ಹಾಲನ್ನು ಐದು ನಿಮಿಷ ಆರಿಸಿ ಸುರಿದುಬಿಡ್ತಾರೆ.

ಇನ್‌ಸ್ಟಂಟ್ ಈಸ್ಟ್ ಆದರೆ ನೇರ ಹಿಟ್ಟಿಗೇ ಬೆರೆಸಿ. ನಿಮ್ಮ ಡಬ್ಬಿಯ ಮೇಲೆ 'ಆಕ್ಟಿವ್ ಡ್ರೈ' ಅಂತಿದ್ದರೆ ಮೊದಲು ಹಾಲಿಗೆ ಸಕ್ಕರೆ ಸೇರಿಸಿ, ಅದರಲ್ಲಿ ಈಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬಂದರೆ ಮುಂದುವರಿಯಿರಿ. ಬರಲಿಲ್ಲ ಅಂದ್ರೆ ಈಸ್ಟ್ ಸತ್ತಿದೆ. ಮೈದಾ ವ್ಯರ್ಥ ಮಾಡದೆ ಹೊಸ ಪ್ಯಾಕೆಟ್ ತನ್ನಿ.

ಎಲ್ಲ ಸೇರಿಸಿ ಕಲಸಿ. ಬೆಣ್ಣೆಯನ್ನು ಕೊನೆಗೆ ಹಾಕಿ ನಾದಿ. ಹಿಟ್ಟಿನ ಹದ ಚಪಾತಿ ಹಿಟ್ಟಿಗಿಂತ ಮೆತ್ತಗೆ, ಒಬ್ಬಟ್ಟಿನ ಕಣಕಕ್ಕಿಂತ ಗಟ್ಟಿ. ಶುರುವಿನಲ್ಲಿ ಕೈಗೆ ಮೆತ್ತಿಕೊಳ್ಳುತ್ತೆ. ಆಗ ಇನ್ನಷ್ಟು ಮೈದಾ ಉದುರಿಸುವ ಆಸೆ ಬರುತ್ತೆ. ಉದುರಿಸಬೇಡಿ. ಕೈಗೆ ಸ್ವಲ್ಪ ಎಣ್ಣೆ ಸವರಿಕೊಂಡು ಹತ್ತು ನಿಮಿಷ ನಾದಿ, ತಾನಾಗೇ ಬಿಡಿಸಿಕೊಳ್ಳುತ್ತೆ. ಕಿವಿಯ ಹಾಲೆಯಷ್ಟು ಮೆತ್ತಗಾದರೆ ಸಾಕು.

2. ಉಬ್ಬಲು ಬಿಡುವುದು

ಇದಕ್ಕೆ ಪ್ರೂಫಿಂಗ್ ಅಂತ ಹೆಸರು. ಎಣ್ಣೆ ಸವರಿದ ಪಾತ್ರೆಯಲ್ಲಿ ಹಿಟ್ಟಿಟ್ಟು ಒದ್ದೆ ಬಟ್ಟೆ ಮುಚ್ಚಿ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಎರಡರಷ್ಟು ಆಗಬೇಕು. ಏಪ್ರಿಲ್‌ನಲ್ಲಿ ಮುಕ್ಕಾಲು ಗಂಟೆ ಸಾಕು. ಡಿಸೆಂಬರ್-ಜನವರಿಯ ಬೆಂಗಳೂರಲ್ಲಿ ಒಂದೂವರೆ ಗಂಟೆ ಹಿಡಿಯಬಹುದು. ಇಡ್ಲಿ ಹಿಟ್ಟು ಚಳಿಗೆ ಉಬ್ಬದೆ ಸತಾಯಿಸುತ್ತಲ್ಲ, ಹಾಗೇ ಇದೂ. ಬಿಸಿನೀರಿನ ಒಂದು ಲೋಟದ ಜೊತೆ ಹಿಟ್ಟಿನ ಪಾತ್ರೆಯನ್ನು ಆರಿರುವ ಓವನ್ನಿನೊಳಗಿಟ್ಟು ಬಾಗಿಲು ಹಾಕಿ, ಬೇಗ ಉಬ್ಬುತ್ತೆ.

3. ತಟ್ಟಿ, ಚುಚ್ಚಿ, ಅರ್ಧ ಬೇಯಿಸುವುದು

ಇದೇ ಮುಖ್ಯ ಹಂತ. ಮನೆಯಲ್ಲಿ ಮಾಡುವವರು ಹೆಚ್ಚಾಗಿ ಬಿಡೋದೂ ಇದನ್ನೇ.

ಉಬ್ಬಿದ ಹಿಟ್ಟನ್ನು ಗುದ್ದಿ ಗಾಳಿ ತೆಗೆದು ನಾಲ್ಕು ಉಂಡೆ ಮಾಡಿ. ಒಂದೊಂದೂ ಸುಮಾರು 135 ಗ್ರಾಂ ಬರುತ್ತೆ. ಹತ್ತು ನಿಮಿಷ ಬಿಟ್ಟು ಆಮೇಲೆ ಕೈಯಲ್ಲೇ ತಟ್ಟಿ, ಅಕ್ಕಿ ರೊಟ್ಟಿ ತಟ್ಟಿದ ಹಾಗೆ. ಲಟ್ಟಣಿಗೆ ಬೇಡ. ಒಂದು ಸೆಂಟಿಮೀಟರ್ ದಪ್ಪ ಇರಲಿ. ತೆಳ್ಳಗಾದರೆ ಪಾಪಡಿಯಾಗುತ್ತೆ.

ತಟ್ಟಿದ್ದನ್ನು ಎಣ್ಣೆ ಸವರಿದ ಟ್ರೇ ಮೇಲಿಟ್ಟು ಇನ್ನೊಂದು 20 ನಿಮಿಷ ಬಿಡಿ. ಮತ್ತೆ ಸ್ವಲ್ಪ ಉಬ್ಬಿರುತ್ತೆ. ಈಗ ಫೋರ್ಕಿನಿಂದ ಎಲ್ಲ ಕಡೆ ಚುಚ್ಚಿ. ಇದನ್ನು ಡಾಕಿಂಗ್ ಅಂತಾರೆ. ಒಳಗಿನ ಹಬೆ ಈ ತೂತುಗಳಿಂದ ಹೊರಗೆ ಹೋಗುತ್ತೆ, ಬೇಸ್ ಪೂರಿ ಥರ ಬುಗ್ಗೆ ಏಳೋದಿಲ್ಲ. ಬೇಕರಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಎರಡೆರಡು ಬೇಸ್ ಕಟ್ಟಿ ಮಾರ್ತಾರಲ್ಲ, ಅದರ ಮೇಲಿರೋ ಸಾಲು ಸಾಲು ತೂತು ಇವೇ.

ಓವನ್ 190 ಡಿಗ್ರಿಗೆ ಹದಿನೈದು ನಿಮಿಷ ಮುಂಚೆಯೇ ಕಾದಿರಲಿ. ಬೇಸನ್ನು 8 ನಿಮಿಷ ಬೇಯಿಸಿ. ಬಣ್ಣ ಬರಬಾರದು. ಬೆಳ್ಳಗೆ, ಒತ್ತಿದರೆ ಮತ್ತೆ ಮೇಲೇಳುವ ಹಾಗಿರಬೇಕು. ತೆಗೆದು ಜಾಲರಿ ಮೇಲೆ ಆರಿಸಿ. ಟ್ರೇಯಲ್ಲೇ ಬಿಟ್ಟರೆ ಅಡಿ ಬೆವರುತ್ತೆ.

ಎರಡು ಸಲ ಯಾಕೆ ಬೇಯಿಸಬೇಕು? ನೇಪಲ್ಸ್‌ನ ಪಿಜ್ಜಾ ಒಲೆಯ ಶಾಖ 450 ಡಿಗ್ರಿಯ ಆಸುಪಾಸು. ಅಲ್ಲಿ ಹಸಿ ಹಿಟ್ಟಿನ ಮೇಲೆ ಎಲ್ಲ ಹಾಕಿ ಒಂದೂವರೆ ನಿಮಿಷದೊಳಗೆ ತೆಗೀತಾರೆ. ನಮ್ಮ ಮನೆಯ ಓಟಿಜಿ, ಅಂದರೆ ಕಡ್ಡಿ ಕಾದು ಬೇಯಿಸುವ ಪುಟ್ಟ ಓವನ್, 230-250ರ ಮೇಲೆ ಹೋಗಲ್ಲ. ದಪ್ಪ ಹಸಿ ಹಿಟ್ಟಿನ ಮೇಲೆ ಸಾಸು, ತರಕಾರಿ ಹೇರಿದರೆ ಮೇಲೆ ಕರಕಲು, ಮಧ್ಯೆ ಹಸಿ. ಬೇಕರಿಯಲ್ಲಿ ಬೇಸನ್ನು ಬ್ರೆಡ್ ಜೊತೆ ಮೊದಲೇ ಬೇಯಿಸಿಟ್ಟು, ಬೇಕಾದಾಗ ಮೇಲಿನದ್ದನ್ನು ಹಾಕ್ತಾರೆ. ಅವರ ಅನುಕೂಲಕ್ಕೆ ಹುಟ್ಟಿದ ಪದ್ಧತಿ ನಮ್ಮ ಓವನ್ನಿಗೂ ಸರಿಹೊಂದುತ್ತೆ.

ಇಷ್ಟೆಲ್ಲ ತಾಳ್ಮೆ ಇಲ್ವಾ? ಬೇಕರಿಯಿಂದ ಬೇಸ್ ತಂದು ನೇರ ನಾಲ್ಕನೇ ಹಂತಕ್ಕೆ ಹೋಗಿ, ನಾನೇನೂ ಅಂದುಕೊಳ್ಳಲ್ಲ. ಆದರೆ ಅವತ್ತೇ ಮಾಡಿದ್ದಾ ಅಂತ ಕೇಳಿ. ಕವರ್ ಮೇಲಿಂದಲೇ ಹೆಬ್ಬೆರಳಲ್ಲಿ ಒತ್ತಿ ನೋಡಿ, ಗುಳಿ ಹಾಗೇ ಉಳಿದರೆ ಹಳೇದು. ಅಂಚು ಒಣಗಿದ್ದರೆ ಸಾಸ್ ಹಾಕುವ ಮೊದಲು ಸುತ್ತ ಸ್ವಲ್ಪ ಹಾಲು ಸವರಿ.

4. ಸಾಸ್

ಟೊಮೆಟೊವನ್ನು ಬಿಸಿನೀರಲ್ಲಿ ಹಾಕಿ ಸಿಪ್ಪೆ ತೆಗೆದು ರುಬ್ಬಿ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ ಹಾಕಿ. ಘಮ ಬಂದ ಕೂಡಲೇ ಉರಿ ಸಣ್ಣ ಮಾಡಿ ಮೆಣಸಿನ ಪುಡಿ ಹಾಕಿ, ಅದು ಸೀಯುವ ಮೊದಲೇ ರುಬ್ಬಿದ್ದು ಸುರಿಯಿರಿ. ಉಪ್ಪು, ಸಕ್ಕರೆ ಹಾಕಿ ಕುದಿಸಿ. ಎಲ್ಲಿಯವರೆಗೆ? ಸೌಟಿನಲ್ಲಿ ಬಾಣಲೆಯ ತಳದ ಮೇಲೆ ಗೆರೆ ಎಳೆದರೆ ಆ ಗೆರೆ ತಕ್ಷಣ ಮುಚ್ಚಿಕೊಳ್ಳಬಾರದು. ಗೊಜ್ಜಿನ ಹದ. ನೀರು ನೀರಾಗಿದ್ದರೆ ಬೇಸ್ ನೆನೆದು ಮುದ್ದೆಯಾಗುತ್ತೆ. ಒಲೆ ಆರಿಸಿದ ಮೇಲೆ ಕೆಚಪ್ ಬೆರೆಸಿ. ಕೆಚಪ್ ಹಾಕೋದು ಕಲಬೆರಕೆ ಅಂತ ಮೂಗು ಮುರಿಯಬೇಡಿ. ಅದರ ವಿನೆಗರ್ ಹುಳಿ ಇಲ್ಲದಿದ್ದರೆ ಬೇಕರಿ ನೆನಪಾಗೋದೇ ಇಲ್ಲ.

ಒರೆಗಾನೊ ಬೇಕಾ? ನನ್ನ ನೆನಪಿನ ಪಿಜ್ಜಾದಲ್ಲಿ ಅದರ ವಾಸನೆ ಇರಲೇ ಇಲ್ಲ. ನಿಮಗೆ ಬೇಕು ಅನ್ನಿಸಿದರೆ ಬಾಲ್ಕನಿ ಕುಂಡದಿಂದ ಒಂದೇ ಒಂದು ದೊಡ್ಡಪತ್ರೆ ಎಲೆ ಕಿತ್ತು ಸಣ್ಣಗೆ ಹೆಚ್ಚಿ ಹಾಕಿ. ಒರೆಗಾನೊಗೆ ಘಾಟು ಕೊಡುವ ಎಣ್ಣೆಯ ಅಂಶವೇ ದೊಡ್ಡಪತ್ರೆಯಲ್ಲೂ ಇದೆ, ಅದಕ್ಕೇ ಎರಡರ ವಾಸನೆ ಹತ್ತಿರ. ಎರಡು ಎಲೆ ಹಾಕಿದರೆ ತಂಬುಳಿ ಆಗುತ್ತೆ, ಎಚ್ಚರ.

5. ತರಕಾರಿ

ಈರುಳ್ಳಿ, ದಪ್ಪ ಮೆಣಸಿನಕಾಯಿ ಉದ್ದಕ್ಕೆ ತೆಳ್ಳಗೆ ಹೆಚ್ಚಿ, ಕ್ಯಾರೆಟ್ ತುರಿಯಿರಿ. ಅರ್ಧ ಚಮಚ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ನೀರು ಬಿಡುತ್ತೆ. ಮುಷ್ಟಿಯಲ್ಲಿ ಹಿಂಡಿ ತೆಗೆದುಬಿಡಿ. ಕೋಸು ಹಾಕುವುದಾದರೆ ಅದನ್ನೂ ಹೀಗೇ. ಟೊಮೆಟೊ ಬಿಲ್ಲೆಯ ಬೀಜ, ರಸ ತೆಗೆದು ಬಟ್ಟೆಯ ಮೇಲಿಡಿ.

ಸ್ವೀಟ್ ಕಾರ್ನ್, ಆಲಿವ್, ಅಣಬೆ ಹಾಕಬಹುದಾ ಅಂತ ಕೇಳ್ತೀರಿ. ನಿಮ್ಮ ಮನೆ, ನಿಮ್ಮ ಪಿಜ್ಜಾ. ಒಂದೆರಡು ಹಸಿಮೆಣಸಿನಕಾಯಿ ಚೂರು ಮಾತ್ರ ಮರೀಬೇಡಿ.

6. ಚೀಸ್

ಎಲ್ಲರೂ ಎಡವೋದು ಇಲ್ಲೇ. ಮೊಝರೆಲ್ಲಾ ಕರಗಿ ಎಳೆ ಎಳೆಯುತ್ತೆ. ಬೇಕರಿಯ ಪಿಜ್ಜಾ ಕಚ್ಚಿದರೆ ಯಾವತ್ತಾದರೂ ದಾರ ಎಳೆದಿತ್ತಾ? ಇಲ್ಲ. ಅಲ್ಲಿದ್ದದ್ದು ಪ್ರೊಸೆಸ್ಡ್ ಚೀಸ್. ಅಂದರೆ ಚೀಸನ್ನು ಕರಗಿಸಿ, ಕೊಬ್ಬು ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವ ಒಂದು ಬಗೆಯ ಲವಣ ಸೇರಿಸಿ ಮತ್ತೆ ಅಚ್ಚು ಹಾಕಿದ್ದು. ಅಮುಲ್ ಕ್ಯೂಬ್, ನಂದಿನಿ ಚೀಸ್ ಎಲ್ಲ ಈ ಜಾತಿಯವೇ. ಆ ಲವಣದ ದೆಸೆಯಿಂದ ಇದು ಎಣ್ಣೆ ಬಿಡಲ್ಲ, ಹರಿಯಲ್ಲ. ಮೆತ್ತಗಾಗಿ ಇದ್ದಲ್ಲೇ ಇದ್ದು ತುದಿ ಕೆಂಪಾಗುತ್ತೆ. ಆ ಶಾವಿಗೆ ರೂಪದ ಗುಟ್ಟು ಇದು. ಉಪ್ಪುಪ್ಪು ರುಚಿಯೂ ಇದರದ್ದೇ.

ಒಂದು ಪಿಜ್ಜಾಕ್ಕೆ 25 ಗ್ರಾಮಿನ ಕ್ಯೂಬ್ ಒಂದೂವರೆ. ಕ್ಯೂಬ್ ಮೆತ್ತಗಿದ್ದರೆ ತುರಿಯುವಾಗ ಪೇಸ್ಟ್ ಆಗುತ್ತೆ. ಫ್ರೀಜರಿನಲ್ಲಿ 15 ನಿಮಿಷ ಇಟ್ಟು, ತುರಿಮಣೆಯ ದೊಡ್ಡ ತೂತಿನ ಕಡೆ ತುರಿಯಿರಿ. ಮಕ್ಕಳು ಎಳೆ ಬೇಕು ಅಂತ ಹಟ ಮಾಡಿದರೆ ಮೂರು ಪಾಲಿಗೆ ಒಂದು ಪಾಲು ಮೊಝರೆಲ್ಲಾ ಬೆರೆಸಿ, ಅದಕ್ಕಿಂತ ಜಾಸ್ತಿ ಬೇಡ. ಕಮ್ಮಿ ಬೆಲೆಗೆ ಸಿಗೋ ಪಿಜ್ಜಾ ಚೀಸ್ ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದಿ. ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆಯಂಥದ್ದು ಇದ್ದರೆ ಅದು ಅನಲಾಗ್, ಚೀಸಿನ ವೇಷ ಹಾಕಿದ್ದು.

7. ಕೊನೆ ಸುತ್ತು

ಓವನ್ 220 ಡಿಗ್ರಿಗೆ ಕಾಯಲಿ, ಮೇಲೆ ಕೆಳಗೆ ಎರಡೂ ಕಡ್ಡಿ ಉರಿಯಲಿ. ಬೇಸಿನ ಮೇಲೆ ಮೊದಲು ತೆಳ್ಳಗೆ ಬೆಣ್ಣೆ ಸವರಿ. ಸಾಸಿನ ನೀರು ಒಳಗಿಳಿಯದಂತೆ ಇದು ತಡೆಯುತ್ತೆ. ಮೇಲೆ ಎರಡು ದೊಡ್ಡ ಚಮಚ ಸಾಸ್, ಅಂಚಿನವರೆಗೂ ಹರಡಿ. ಆಮೇಲೆ ಒಂದು ಹಿಡಿ ತರಕಾರಿ, ಚೀಸ್ ತುರಿ, ನಡುವೆ ಟೊಮೆಟೊ ಬಿಲ್ಲೆ. ತುರಿಯನ್ನು ಒತ್ತಬೇಡಿ, ಉದುರಿಸಿ ಬಿಡಿ.

8ರಿಂದ 10 ನಿಮಿಷ. ಏಳನೇ ನಿಮಿಷದಿಂದ ಗಾಜಿನಲ್ಲೇ ಇಣುಕುತ್ತಿರಿ, ಬಾಗಿಲು ತೆರೆಯಬೇಡಿ. ಮೆಣಸಿನಕಾಯಿ ಚೂರಿನ ಅಂಚು ಕಪ್ಪಾಗಲು ಶುರುವಾಗಿ, ಚೀಸಿನ ಎಳೆಗಳ ತುದಿಯಲ್ಲಿ ಕಂದು ಚುಕ್ಕೆ ಕಂಡಾಗ ತೆಗೆಯಿರಿ. ಬೇಸಿನ ಅಂಚು ಬನ್ನಿನ ಬಣ್ಣಕ್ಕೆ ಬಂದಿರುತ್ತೆ. ಗರಿಗರಿ ಆಗಲಿ ಅಂತ ಇನ್ನೆರಡು ನಿಮಿಷ ಬಿಟ್ಟಿರೋ, ರಸ್ಕ್ ತಿನ್ನಬೇಕಾಗುತ್ತೆ.

ಓವನ್ ಇಲ್ಲದವರಿಗೆ

ಕುಕ್ಕರಿನಲ್ಲಿ ಉಪ್ಪು ಹಾಕಿ ಬೇಯಿಸುವ ವಿಧಾನ ತುಂಬಾ ಜನ ಹೇಳ್ತಾರೆ. ನನಗೆ ಅದು ಹಿಡಿಸಲಿಲ್ಲ. ಖಾಲಿ ಕುಕ್ಕರ್ ಅಷ್ಟು ಹೊತ್ತು ಕಾದರೆ ಪಾತ್ರೆಯೇ ಹಾಳು. ಮಾಡಲೇಬೇಕು ಅಂದ್ರೆ ಹಳೇ ದಪ್ಪ ತಳದ ಪಾತ್ರೆ ತಗೊಳ್ಳಿ. ಕುಕ್ಕರನ್ನೇ ಬಳಸುವುದಾದರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದಿಡಿ, ಮರೆಯಲೇಬೇಡಿ.

ಕಬ್ಬಿಣದ ದೋಸೆ ಕಾವಲಿ ಇದಕ್ಕಿಂತ ಎಷ್ಟೋ ಮೇಲು. ತಟ್ಟಿದ ಹಸಿ ಬೇಸನ್ನು ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ ಒಂದು ಬದಿ ನಾಲ್ಕೈದು ನಿಮಿಷ ಬೇಯಿಸಿ ತಿರುವಿ ಹಾಕಿ. ಬೆಂದ ಬದಿ ಈಗ ಮೇಲೆ ಬಂತಲ್ಲ, ಸಾಸು ತರಕಾರಿ ಚೀಸ್ ಅದರ ಮೇಲೆ. ಮತ್ತೆ ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ ಆರೇಳು ನಿಮಿಷ. ಒಂದೇ ಕೊರತೆ, ಮೇಲಿಂದ ಶಾಖ ಇಲ್ಲದ್ದರಿಂದ ಚೀಸ್ ಕೆಂಪಾಗಲ್ಲ. ತರಕಾರಿಯನ್ನು ಮೊದಲೇ ಜೋರು ಉರಿಯಲ್ಲಿ ಎರಡು ನಿಮಿಷ ಬಾಡಿಸಿಕೊಂಡರೆ ಆ ಸುಟ್ಟ ಘಮ ಸ್ವಲ್ಪ ಮಟ್ಟಿಗೆ ಸಿಗುತ್ತೆ.

ಮೈಕ್ರೋವೇವ್ ಇರೋರು ಕನ್ವೆಕ್ಷನ್ ಮೋಡ್ ಇದ್ದರೆ ಮಾತ್ರ ಕೈ ಹಾಕಿ. ಬರೀ ಮೈಕ್ರೋ ಮೋಡಿನಲ್ಲಿ ಹಿಟ್ಟು ಬೇಯುತ್ತೆ, ಆದರೆ ಬ್ರೆಡ್ ಆಗಲ್ಲ.

ಉಳಿದರೆ

ಬೇಸ್ ಉಳಿದರೆ ಫ್ರಿಜ್ಜಿನಲ್ಲಿ ಇಡಬೇಡಿ. ಫ್ರಿಜ್ಜಿನ ತಂಪಿಗೆ ಬ್ರೆಡ್ ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತೆ. ಹೊರಗೆ ಗಾಳಿಯಾಡದ ಡಬ್ಬಿಯಲ್ಲಿ ಎರಡು ದಿನ ಇಡಬಹುದು. ಅದಕ್ಕಿಂತ ಹೆಚ್ಚು ದಿನ ಬೇಕಾದರೆ ಒಂದೊಂದನ್ನೇ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ, ತಿಂಗಳು ಬರುತ್ತೆ. ಸಾಸ್ ಫ್ರಿಜ್ಜಿನಲ್ಲಿ ನಾಲ್ಕೈದು ದಿನ.

ತಿನ್ನುವಾಗ ನಾಲ್ಕು ತುಂಡು ಮಾಡಿ, ಮೇಲೆ ಕೆಚಪ್. ಅಡ್ಡಡ್ಡ ಗೆರೆ ಎಳೆದ ಹಾಗೆ, ಜಾಸ್ತಿಯೇ.

ಕೊನೆಯದಾಗಿ, ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಕೆಲವರು ಹೇಳ್ತಾರೆ: "ತುಂಬಾ ಫ್ರೆಶ್ ಆಗಿದೆ, ಅದೇ ಪ್ರಾಬ್ಲಮ್." ಅವರು ಹೇಳೋದು ನಿಜ. ನಾವು ಸಂಜೆ ಟ್ಯೂಷನ್ ಮುಗಿಸಿ ತಿಂದದ್ದು ಬೆಳಿಗ್ಗೆ ಮಾಡಿಟ್ಟ ಪಿಜ್ಜಾ. ಅದನ್ನು ಅಂಗಡಿಯವರು ಮತ್ತೆ ಬಿಸಿ ಮಾಡಿ ಕೊಡುತ್ತಿದ್ದರು. ನಿಮಗೂ ಅದೇ ಬೇಕಾದರೆ ಬೆಳಿಗ್ಗೆಯೇ ಮಾಡಿ ಮುಚ್ಚಿಡಿ. ಸಂಜೆ ಮೈಕ್ರೋವೇವಿನಲ್ಲಿ 20 ಸೆಕೆಂಡ್ ಇಟ್ಟರೆ ಮೆತ್ತಗಾಗುತ್ತೆ. 40 ಇಟ್ಟರೆ ಅಂಚು ರಬ್ಬರಿನಂತಾಗಿ, ಕಚ್ಚಿ ಎಳೆಯಬೇಕಾಗುತ್ತೆ. ನಾನು 40 ಇಡ್ತೀನಿ.